ಹಳದಿಯಾಗುವ ಬಿಳಿ ಅಕ್ಷರ

1984-85ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣವನ್ನು ಆರಂಭಿಸಿದಾಗ ಅದಕ್ಕೆ ಆರಿಸಿಕೊಂಡದ್ದು ಬ್ರಿಟನ್ನಿನ ಏಕಾರ್ನ್ ಸಂಸ್ಥೆಯು 1981ರಲ್ಲಿ ಹೊರತಂದಿದ್ದ ಬಿಬಿಸಿ ಮೈಕ್ರೊ ಎಂಬ ಗೃಹ ಕಂಪ್ಯೂಟರನ್ನು. ಇದೇ ಯಂತ್ರವನ್ನು ಮುಂದೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆಯು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಇಲ್ಲಿಯೇ ತಯಾರಿಸಿತು. ಕೀಲಿಮಣೆ ಮತ್ತು 32 ಕಿಲೋಬೈಟ್ ಸ್ಮೃತಿ ಒಂದೇ ಪೆಟ್ಟಿಗೆಯಲ್ಲಿರುವ ಈ ಯಂತ್ರಕ್ಕೆ ಪರದೆ ಮಾತ್ರ ಹೊರಗಿನದು, ಟಿ.ವಿ. ಆದರೂ ಆದೀತು. ಹೀಗಾಗಿ ಚಿತ್ರ ಕೆಟ್ಟಾಗ ದೋಷ ಟಿ.ವಿ.ಯದೋ ಯಂತ್ರದ್ದೋ ಎಂಬ ಪ್ರಶ್ನೆಯಿಂದಲೇ ದುರಸ್ತಿ ಆರಂಭವಾಗುತ್ತದೆ.

ನಮ್ಮ ಹಂಪಿ ಸೀಮೆಯ ಹವೆಯೂ ಇಂಥ ದೋಷಗಳಿಗೆ ದಾರಿ ಮಾಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿಗೆ ಏರುವ ಹೊಸಪೇಟೆಯ ಬಿಸಿಲು, ಸಂಡೂರಿನ ಅದಿರಿನ ಕೆಂಪು ಧೂಳು, ಕಂಪ್ಲಿಯ ಕಾಲುವೆ ಗದ್ದೆಗಳ ತೇವ ಇವು ಮೂರೂ ಹಳೆಯ ವಿದ್ಯುನ್ಮಾನ ಸಾಧನಗಳಿಗೆ ಹಿತವಾದವುಗಳಲ್ಲ. ಬಿಸಿಯಾಗಿ ಹಿಗ್ಗುವ, ತಣಿದು ಕುಗ್ಗುವ ಲೋಹವು ಕಾಲಕ್ರಮದಲ್ಲಿ ಬೆಸುಗೆಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಮೂಡಿಸುತ್ತದೆ. ತೇವದ ಪರಿಣಾಮ ಇನ್ನೂ ಅಪಾಯಕಾರಿ: ವಿದ್ಯುತ್ ಪೂರೈಕೆಯ ಘಟಕದಲ್ಲಿರುವ ಕಾಗದದ ಕೆಪ್ಯಾಸಿಟರುಗಳ, ಎಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಬಿಡಿಭಾಗಗಳ, ಹೊರಕವಚ ವರ್ಷಗಳು ಕಳೆದಂತೆ ಸೀಳಿ ಒಳಕ್ಕೆ ಪಸೆ ಇಳಿದಿರುವುದರಿಂದ, ದಶಕಗಳ ಕಾಲ ಕಪಾಟಿನಲ್ಲಿದ್ದ ಯಂತ್ರಕ್ಕೆ ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿನಲ್ಲೇ ದಟ್ಟ ಹೊಗೆ ಏಳುವುದುಂಟು. ಆದ್ದರಿಂದ ಪರದೆಯ ಮಾತಿಗಿಂತ ಮೊದಲು ಈ ಕೆಪ್ಯಾಸಿಟರುಗಳನ್ನು ಬದಲಿಸಲೇಬೇಕು. ಆ ಘಟಕದಲ್ಲಿ ಮನೆಯ ವಿದ್ಯುತ್ತೇ ನೇರವಾಗಿ ಹರಿಯುವುದರಿಂದ ಅದನ್ನು ಅನುಭವಸ್ಥ ಟಿ.ವಿ. ಮೆಕ್ಯಾನಿಕರ ಕೈಗೆ ಒಪ್ಪಿಸುವುದು ಒಳ್ಳೆಯದು.

ಅನಂತರ ಪರದೆಯನ್ನು ಓದಬೇಕು. ಈ ವಿದ್ಯೆಯ ನಿಜವಾದ ಸೊಗಸು ಇರುವುದು ಇಲ್ಲಿಯೇ. ಬಿಳಿ ಬಣ್ಣವೆಂದರೆ ಕೆಂಪು, ಹಸಿರು, ನೀಲಿ ಬೆಳಕುಗಳ ಕೂಡಿಕೆ. ಬಿಳಿಯಾಗಿರಬೇಕಾದ ಅಕ್ಷರ ಹಳದಿಯಾಗಿ ಕಂಡರೆ ನೀಲಿಯ ದಾರಿ ಕಡಿದಿದೆ, ನೇರಳೆಗೆಂಪಾದರೆ ಹಸಿರಿನದು, ಹಸಿರುನೀಲಿಯಾದರೆ ಕೆಂಪಿನದು. ಆಗ ಕೇಬಲ್ಲನ್ನು, ಅದು ಸೇರುವ ಸಾಕೆಟ್ಟಿನ ಬೆಸುಗೆಯನ್ನು, ಆ ಬಣ್ಣದ ಸಂಕೇತವನ್ನು ಹೊರಗೆ ದಾಟಿಸುವ ಟ್ರಾನ್ಸಿಸ್ಟರನ್ನು ಕ್ರಮವಾಗಿ ಪರೀಕ್ಷಿಸಬೇಕು. ಬಣ್ಣಗಳೆಲ್ಲ ಸರಿಯಿದ್ದು ಅಕ್ಷರಗಳಷ್ಟೇ ಕಲಸಿಹೋಗಿದ್ದರೆ ಪರದೆಯ ಮೋಡನ್ನು, ಎಂದರೆ ಚಿತ್ರ ಮೂಡಿಸುವ ಬಗೆಯನ್ನು, ಬದಲಿಸುವ ‘ಮೋಡ್ 1’ ಎಂಬ ಆಜ್ಞೆಯನ್ನು ಕುರುಡಾಗಿಯಾದರೂ ಟೈಪ್ ಮಾಡಿ ನೋಡಬೇಕು. ಯಂತ್ರವು ಎಚ್ಚರಗೊಳ್ಳುವಾಗ ಬಳಸುವ 7ನೆಯ ಮೋಡಿನ ಅಕ್ಷರಗಳನ್ನು ಎಸ್‌ಎಎ 5050 ಎಂಬ ಪ್ರತ್ಯೇಕ ಚಿಪ್ ರೂಪಿಸುತ್ತದೆ. ಉಳಿದ ಮೋಡುಗಳಲ್ಲಿ ಸ್ಮೃತಿಯ ಅಂಕಿಗಳನ್ನು ಚುಕ್ಕಿಗಳಾಗಿಸುವುದು ವಿಡಿಯೊ ಯುಎಲ್‌ಎ ಎಂಬ ಇನ್ನೊಂದು ಚಿಪ್. ಮೋಡ್ ಬದಲಾದೊಡನೆ ಚಿತ್ರ ತಿಳಿಯಾದರೆ ಸಂಶಯ ಮೊದಲನೆಯದರ ಮತ್ತು ಅದರ ಸುತ್ತಲಿನ ಮಂಡಲದ ಮೇಲೆ ಬೀಳುತ್ತದೆ. ಹೊತ್ತು ಕಳೆದಂತೆ ಚುಕ್ಕಿಗಳು ಮಿನುಗಿ ಚಿತ್ರ ಒಡೆಯತೊಡಗಿದರೆ ಯುಎಲ್‌ಎ ಕಾಯುತ್ತಿದೆಯೆಂದು ಊಹಿಸಬಹುದು. ಆ ಚಿಪ್ಪಿನ ಹಳೆಯ ಮಾದರಿಗಳು ತುಂಬ ಬಿಸಿಯಾಗುತ್ತಿದ್ದುದರಿಂದ ಅವುಗಳ ಬೆನ್ನಿಗೆ ಶಾಖ ಹೀರುವ ಲೋಹದ ಪಟ್ಟಿ ಅಂಟಿಸುವುದು ರೂಢಿ, ಹೊಸಪೇಟೆಯ ಏಪ್ರಿಲ್‌ನಲ್ಲಿ ಅದು ಅನಿವಾರ್ಯವೇ ಸರಿ.

ಬೆಸುಗೆಯ ತತ್ತ್ವ ಈ ಸೀಮೆಗೆ ಹೊಸದಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಪಾತ್ರೆಯನ್ನು ಕಾಯಿಸಿ, ನವಸಾಗರ ಉಜ್ಜಿ ಕಿಲುಬು ತೆಗೆದು, ಆಮೇಲೆ ತವರವನ್ನು ಹರಡುತ್ತಾರೆ. ಇಲ್ಲಿಯೂ ಕ್ರಮ ಅದೇ: ನವಸಾಗರದ ಬದಲು ರಾಳ, ಬರಿ ತವರದ ಬದಲು ತವರ ಮತ್ತು ಸೀಸ 60ಕ್ಕೆ 40ರಂತೆ ಬೆರೆತ, ಸುಮಾರು 190 ಡಿಗ್ರಿಯೊಳಗೆ ಕರಗುವ ತಂತಿ. ಕಾಯಬೇಕಾದದ್ದು ಜೋಡಣೆಯ ಲೋಹವೇ ಹೊರತು ತಂತಿಯಲ್ಲ ಎಂಬುದು ಹೊಸಬರು ಮರೆಯುವ ಮಾತು. ತಣ್ಣಗಿನ ಲೋಹದ ಮೇಲೆ ಕರಗಿ ಬಿದ್ದ ಬೆಸುಗೆ ಮೇಲ್ನೋಟಕ್ಕೆ ಅಂಟಿಕೊಂಡಂತಿದ್ದರೂ ಸಂಕೇತವನ್ನು ಸರಿಯಾಗಿ ಸಾಗಿಸದು.

ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 1986ರಲ್ಲೇ ಈ ಯಂತ್ರಗಳೂ ನಮ್ಮ ಶಾಲೆಗಳಲ್ಲಿ ದುಡಿಯುತ್ತಿದ್ದವು. ಸ್ಮಾರಕಗಳ ಸಂರಕ್ಷಣೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಮುಟ್ಟಬಾರದೆಂಬ ನಿಯಮವಿದೆ. ಕೆಟ್ಟಿರದ ಚಿಪ್ಪನ್ನು ಕಿತ್ತು ಹೊಸದನ್ನು ಹಾಕುವ ಆತುರಕ್ಕೂ ಅದೇ ಕಡಿವಾಣ ಬೇಕು. ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಬಿಬಿಸಿ ಮೈಕ್ರೊದ ಕಾಂಪೊಸಿಟ್ ಕಿಂಡಿ, ಎಂದರೆ ಚಿತ್ರದ ಸಂಕೇತವೆಲ್ಲ ಒಂದೇ ತಂತಿಯಲ್ಲಿ ಹೊರಬರುವ ಜಾಗ, ಟಿ.ವಿ.ಗೆ ಕೊಡುವುದು ಕಪ್ಪುಬಿಳುಪು ಚಿತ್ರವನ್ನು. ಅದು ದೋಷವಲ್ಲ, ಕಾರ್ಖಾನೆಯಲ್ಲೇ ಹಾಗೆ ಬಿಟ್ಟದ್ದು. ಮುದ್ರಿತ ಫಲಕದ ಮೇಲೆ ಎಸ್ 39 ಎಂದು ಗುರುತಿಸಿದ ಎರಡು ಬಿಂದುಗಳನ್ನು ಒಂದು ತುಂಡು ತಂತಿಯಿಂದ ಬೆಸೆದರೆ ಅದೇ ಕಿಂಡಿಯಿಂದ ಬಣ್ಣ ಹರಿದುಬರುತ್ತದೆ.