ನದಿಯನ್ನು ಓದಬಲ್ಲವರ ಜತೆ

ಮಳೆಗಾಲ ಮುಗಿದದ್ದೇ ತಡ, ಪುಣೆಯ ಖರಾಡಿಯ ಐಟಿ ಪಾರ್ಕುಗಳಲ್ಲಿ ರಾಫ್ಟಿಂಗ್ ಮಾತು ಶುರುವಾಗುತ್ತದೆ. ಕೋಲಾಡಿಗೋ, ದಾಂಡೇಲಿಗೋ, ರಜೆ ಸಿಕ್ಕರೆ ಹೃಷಿಕೇಶಕ್ಕೋ? ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರಲ್ಲೂ ಇದೇ ಚರ್ಚೆ. ದರ ಎಷ್ಟು, ಊಟ ಉಂಟೋ, ಫೋಟೊ ತೆಗೆದುಕೊಡುತ್ತಾರೋ ಎಂದು ವಿಚಾರಿಸಿ ಹಣ ಕಟ್ಟಿಬಿಡುತ್ತೇವೆ. ಆದರೆ ನೊರೆಗರೆಯುವ ನದಿಯಲ್ಲಿ ನಮ್ಮನ್ನು ದಡ ಸೇರಿಸುವ ಸಂಗತಿಗಳು ಬೇರೆ ಎರಡಿವೆ: ಆ ಹೊತ್ತು ನದಿಯಲ್ಲಿರುವ ನೀರು, ಆ ನೀರನ್ನು ಓದಬಲ್ಲ ಗೈಡ್. ಪ್ರವಾಸದ ಆಯ್ಕೆ ಎಂದರೆ ಈ ಎರಡರ ಆಯ್ಕೆ.

ಮೊದಲು ನೀರು. ಖರಾಡಿಗೆ ಹತ್ತಿರದ ರಾಫ್ಟಿಂಗ್ ನದಿ ರಾಯಗಡ ಜಿಲ್ಲೆಯ ಕುಂಡಲಿಕಾ. ಚಾಂದನಿ ಚೌಕ, ಪೌಡ್, ಮುಳಶಿ ದಾಟಿ ತಾಮ್ಹಿಣಿ ಘಾಟ್ ಇಳಿದು ಹೋದರೆ ಕೋಲಾಡ್. ಸಹ್ಯಾದ್ರಿಯ ಪಶ್ಚಿಮ ಮಗ್ಗುಲಿನ ಸಣ್ಣ ಹೊಳೆಗಳು ಮಳೆ ನಿಂತ ಕೆಲವೇ ತಿಂಗಳಲ್ಲಿ ಸೊರಗುತ್ತವೆ. ಕುಂಡಲಿಕಾ ಮಾತ್ರ ಬೇಸಗೆಯಲ್ಲೂ ರಾಫ್ಟ್ ಹೊರುವಷ್ಟು ಹರಿಯುತ್ತದೆ. ಅದಕ್ಕೆ ಕಾರಣ 1927ರಲ್ಲಿ ಶುರುವಾದ ಟಾಟಾದವರ ಭಿರಾ ಜಲವಿದ್ಯುತ್ ಕೇಂದ್ರ. ಮುಳಾ ನದಿಗೆ ಮುಳಶಿಯಲ್ಲಿ ಕಟ್ಟಿದ ಅಣೆಕಟ್ಟೆಯ ನೀರು ಘಟ್ಟದ ನೆತ್ತಿಯಿಂದ ಕೊಳವೆಗಳಲ್ಲಿ ಸುಮಾರು 500 ಮೀಟರ್ ಕೆಳಗಿಳಿದು, ಭಿರಾದಲ್ಲಿ ಟರ್ಬೈನು ತಿರುಗಿಸಿ, ಕುಂಡಲಿಕೆಯ ಪಾಲಾಗುತ್ತದೆ. ಸಹಜವಾಗಿ ಹರಿದಿದ್ದರೆ ಇದು ಪುಣೆಯಲ್ಲಿ ಮುಠೆಯನ್ನು ಕೂಡಿ, ಖರಾಡಿಯ ಅಂಚಿನಲ್ಲೇ ಸಾಗಿ, ಭೀಮೆಯೊಳಗೆ ಬೆರೆತು, ಗಾಣಗಾಪುರವನ್ನು ಹಾದು ಕೃಷ್ಣೆಗೆ ಸೇರಬೇಕಾದ ನೀರು. ಈಗ ದಿಕ್ಕು ಬದಲಿಸಿ ಅರಬ್ಬೀ ಸಮುದ್ರದತ್ತ ಓಡುತ್ತಿದೆ. ಆ ಅಣೆಕಟ್ಟೆಗೆ ನೆಲ ಕಳೆದುಕೊಳ್ಳಲಿದ್ದ ಮುಳಶಿ ಕಣಿವೆಯ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದ್ದರು. ಸೇನಾಪತಿ ಬಾಪಟರು ಅದರ ಮುಂದಾಳು. ಈ ನೀರಿನ ಮೇಲೆ ಸಂತೋಷಪಡುವ ನಾವು ಅವರನ್ನೂ ನೆನೆಯಬೇಕು.

ಈ ಹಿನ್ನೆಲೆಯಿಂದ ಪ್ರವಾಸಿಗೆ ತಿಳಿಯಬೇಕಾದ ಪಾಠ ಒಂದಿದೆ. ಕುಂಡಲಿಕೆಯ ವೇಳಾಪಟ್ಟಿ ಬರೆಯುವುದು ವಿದ್ಯುತ್ ಕೇಂದ್ರ. ಸಾಮಾನ್ಯವಾಗಿ ಬೆಳಗಿನ ಹೊತ್ತು ನೀರು ಬರುತ್ತದೆ, ಆ ನೀರಿನ ಬೆನ್ನೇರಿ ಹತ್ತು ಹನ್ನೆರಡು ಕಿಲೋಮೀಟರ್ ಸಾಗಬೇಕು. ದಾಂಡೇಲಿ ಕಡೆಯ ನಮ್ಮ ಕಾಳಿ ನದಿಯದೂ ಇದೇ ರೀತಿ. ಗಣೇಶಗುಡಿಯಲ್ಲಿ ರಾಫ್ಟ್ ಇಳಿಸುವ ಹರಿವು ಸೂಪಾ ಅಣೆಕಟ್ಟೆಯಿಂದ ಬಿಟ್ಟದ್ದು. ಹಾಗಾಗಿ ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ. ‘ಆ ದಿನ ನೀರು ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತಿಗೆ, ಬಾರದಿದ್ದರೆ ಏನು ಮಾಡುತ್ತೀರಿ?’ ತಡವರಿಸದೆ ಉತ್ತರಿಸುವವರು ನದಿಯ ಜತೆ ಬಾಳುವವರು.

ಇನ್ನು ಗೈಡ್. ಒಳ್ಳೆಯ ಗೈಡ್ ನದಿಯನ್ನು ನೋಡುವ ರೀತಿಯೇ ಬೇರೆ. ಕಷ್ಟದ ರಾಪಿಡ್, ಅಂದರೆ ನೊರೆಯೆದ್ದು ನುಗ್ಗುವ ರಭಸದ ನೀರು, ಬಂದರೆ ರಾಫ್ಟನ್ನು ದಡಕ್ಕೆ ಕಟ್ಟಿ, ಬಂಡೆ ಹತ್ತಿ ನಿಂತು ಓದುತ್ತಾನೆ. ನಮಗೆ ಒಂದೇ ಬಿಳಿ ಗದ್ದಲವಾಗಿ ಕಾಣುವುದು ಅವನಿಗೆ ಬಿಡಿಬಿಡಿಯಾಗಿ ಕಾಣುತ್ತದೆ. ಎರಡು ಬಂಡೆಗಳ ನಡುವೆ ನುಣುಪಾಗಿ ನುಗ್ಗಿ, ಕೆಳದಿಕ್ಕಿಗೆ ಮೊನೆಯಾಗುವ ಹಸಿರು ನೀರು ದಾರಿ. ಮೊನೆ ಮೇಲ್ದಿಕ್ಕಿಗಿದ್ದರೆ ಅಲ್ಲಿ ಬಂಡೆ ಅಡಗಿದೆ. ಆ ನುಣುಪು ದಾರಿಯ ಕೊನೆಗೆ ಸಾಲಾಗಿ ಏಳುವ ಎತ್ತರದ ಅಲೆಗಳು ನೋಡಲು ಭಯಂಕರ, ಆದರೆ ಅವು ಆಳದ ಗುರುತು. ರಾಫ್ಟ್ ಏರಿ ಇಳಿದು ನಗುತ್ತಾ ದಾಟುತ್ತದೆ. ನಿಜವಾದ ಎಚ್ಚರಿಕೆ ಬೇಕಾದದ್ದು ಬಂಡೆಯ ಮೇಲಿಂದ ಬಿದ್ದ ನೀರು ಬುಡದಲ್ಲಿ ಹಿಮ್ಮುಖವಾಗಿ ಮಗುಚುವ ಕಡೆ. ಅಂಥ ‘ಹೋಲ್’ ರಾಫ್ಟನ್ನೂ ಮನುಷ್ಯರನ್ನೂ ಹಿಡಿದು ಹೊರಳಿಸಬಲ್ಲದು. ಅಲ್ಲಿನ ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಅದು ದೇಹವನ್ನು ಚೆನ್ನಾಗಿ ತೇಲಿಸುವುದೂ ಇಲ್ಲ. ದಡದ ಮರ ಹೊಳೆಗೆ ಬಿದ್ದಿದ್ದರೆ ಇನ್ನೂ ಅಪಾಯ: ಕೊಂಬೆಗಳ ನಡುವೆ ನೀರು ಸೋಸಿ ಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಸದ್ದೇ ಇಲ್ಲದ ಇಂಥ ಜಾಗವನ್ನು ದೂರದಿಂದಲೇ ಗುರುತಿಸುವುದು ಅನುಭವದ ಕಣ್ಣು.

ಬಂಡೆಯ ಹಿಂದೆ ನೀರು ಶಾಂತವಾಗಿ ಮೇಲ್ಮುಖ ಸುತ್ತುವ ಜಾಗ ‘ಎಡ್ಡಿ’. ಅದು ಗೈಡ್‌ಗಳ ತಂಗುದಾಣ. ಅಲ್ಲಿ ನಿಂತು ಹಿಂದಿನ ರಾಫ್ಟಿಗೆ ಕಾಯುತ್ತಾರೆ, ಮುಂದಿನ ತಿರುವು ನೋಡುತ್ತಾರೆ. ರಾಫ್ಟ್ ನಡೆಸುವುದು ತೋಳ್ಬಲದ ಕೆಲಸವಲ್ಲ ಎಂಬುದು ಆಗ ಮನಸ್ಸಿಗೆ ನಾಟುತ್ತದೆ. ನದಿಯ ಬಲದ ಮುಂದೆ ಎಂಟು ಜನರ ಬಲ ಏನೂ ಅಲ್ಲ. ಸೆಳವು ಹಿಡಿಯುವ ಮೊದಲೇ ಮೂತಿಯನ್ನು ಸರಿಯಾದ ಕೋನಕ್ಕೆ ತಿರುಗಿಸಿಟ್ಟು, ಉಳಿದದ್ದನ್ನು ನೀರಿಗೇ ಬಿಡುವುದು ಜಾಣ್ಮೆ. ಎತ್ತಿನ ಗಾಡಿಯನ್ನು ಇಳಿಜಾರಿಗೆ ಬಿಡುವ ಮುನ್ನವೇ ದಾರಿಗೆ ಹೊಂದಿಸಿಕೊಳ್ಳುವ ಪಳಗಿದ ರೈತನ ಹಾಗೆ, ಗೈಡ್‌ನ ಮುಖ್ಯ ಕೆಲಸ ರಾಪಿಡ್‌ಗೆ ಮೊದಲೇ ಮುಗಿದಿರುತ್ತದೆ.

ಈ ಕೌಶಲ ಇರುವವನನ್ನು ದಡದ ಮೇಲೇ ಗುರುತಿಸಬಹುದು. ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು ಮೇಲಕ್ಕೆಳೆದು, ಅದು ಕಿವಿಯವರೆಗೆ ಜಾರಿದರೆ ಬಿಗಿ ಮಾಡುತ್ತಾನೆ. ಹೆಲ್ಮೆಟ್ ಹಣೆ ಮುಚ್ಚಿದೆಯೇ ಎಂದು ಒಬ್ಬೊಬ್ಬರನ್ನೂ ನೋಡುತ್ತಾನೆ. ಮುಂದೆ, ಹಿಂದೆ, ನಿಲ್ಲಿಸಿ, ಒಳಗೆ ಕುಳಿತುಕೊಳ್ಳಿ ಎಂಬ ಆಜ್ಞೆಗಳನ್ನು ಶಾಂತ ನೀರಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾನೆ. ನೀರಿಗೆ ಬಿದ್ದರೆ ಅಂಗಾತ ತೇಲಿ, ಕಾಲು ಹರಿವಿನ ದಿಕ್ಕಿಗಿಟ್ಟು, ಕಾಲ್ಬೆರಳು ನೀರಿನ ಮೇಲೆ ಕಾಣುವಂತಿರಬೇಕು; ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬಾರದು, ಕಾಲು ಕಲ್ಲಿನ ಸಂದಿಗೆ ಸಿಕ್ಕಿದರೆ ನೀರು ಬೆನ್ನು ಬಾಗಿಸಿ ಮುಳುಗಿಸುತ್ತದೆ ಎಂದು ಬಿಡಿಸಿ ಹೇಳುತ್ತಾನೆ. ಅವನ ಸೊಂಟದ ಬಳಿ ಎಸೆಯುವ ಹಗ್ಗದ ಚೀಲವಿರುತ್ತದೆ. ಗುಂಪಿನ ಜತೆ ರಕ್ಷಣೆಗೆಂದೇ ಒಂದು ಕಯಾಕ್ ಇರುತ್ತದೆ. ಪ್ರಥಮ ಚಿಕಿತ್ಸೆಯ ತರಬೇತಿ, ಸೆಳವಿನ ನೀರಿನ ರಕ್ಷಣಾ ತರಬೇತಿ, ಅಂತರರಾಷ್ಟ್ರೀಯ ರಾಫ್ಟಿಂಗ್ ಒಕ್ಕೂಟದ ಗೈಡ್ ಪ್ರಮಾಣಪತ್ರ ಇವೆಯೇ ಎಂದು ಕೇಳಲು ಸಂಕೋಚ ಬೇಡ. ಕಲಿತವರು ಹೆಮ್ಮೆಯಿಂದಲೇ ತೋರಿಸುತ್ತಾರೆ.

ನದಿಗಳ ಕಠಿಣತೆಗೆ ಒಂದರಿಂದ ಆರರವರೆಗೆ ದರ್ಜೆಗಳಿವೆ. ಒಂದು ಅಂದರೆ ಸಣ್ಣ ಅಲೆಗಳ ನೀರು, ಆರು ಅಂದರೆ ನಿಪುಣರೂ ಹಿಂಜರಿಯುವ ನೀರು. ಕುಂಡಲಿಕಾ, ಕಾಳಿ ಹೆಚ್ಚಾಗಿ ಎರಡು ಮತ್ತು ಮೂರರ ನಡುವಿನವು. ಆದರೆ ದರ್ಜೆ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಮಳೆ ಏರಿದಾಗ ಅದೇ ಜಾಗ ಒಂದು ಮೆಟ್ಟಿಲು ಮೇಲೇರಬಹುದು. ನೀರು ತೀರಾ ತಣ್ಣಗಿದ್ದರೆ ಅಥವಾ ರಸ್ತೆಯಿಂದ ದೂರದ ಹಲವು ದಿನಗಳ ಪಯಣವಾದರೆ ಒಂದು ದರ್ಜೆ ಹೆಚ್ಚೆಂದೇ ಎಣಿಸಬೇಕು ಎಂಬುದು ಈ ವಿದ್ಯೆಯ ಹಳೆಯ ವಿವೇಕ.

ಹಾಗಾಗಿ ಹಿಮಾಲಯದ ಕನಸು ಕಾಣುವವರು ತಿಂಗಳನ್ನೂ ನೋಡಬೇಕು. ಹೃಷಿಕೇಶದ ಗಂಗೆಯಲ್ಲಿ ಶಿವಪುರಿಯಿಂದ ಇಳಿಯುವ ಸುಮಾರು 16 ಕಿಲೋಮೀಟರ್ ಹೊಸಬರಿಗೆ ಹಿತ. ಕೌಡಿಯಾಲಾ ಕಡೆಯಿಂದ ಹೊರಟರೆ ‘ದಿ ವಾಲ್’ನಂಥ ಗಡಸು ರಾಪಿಡ್ ಎದುರಾಗುತ್ತದೆ. ಮಳೆಗಾಲದಲ್ಲಿ ಅಲ್ಲಿ ರಾಫ್ಟಿಂಗ್ ನಿಲ್ಲುತ್ತದೆ. ಕುಲ್ಲುವಿನ ಬಿಯಾಸ್ ನದಿಯಲ್ಲೂ ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಿಷೇಧ. ಲಡಾಖಿನ ಝನ್ಸ್ಕಾರ್‌ಗೆ ತದ್ವಿರುದ್ಧವಾಗಿ ಬೇಸಗೆಯ ಹಿಮ ಕರಗುವ ಕಾಲವೇ ಋತು; ಕಮರಿಯೊಳಗೆ ದಿನಗಟ್ಟಲೆ, ಕೊರೆಯುವ ನೀರಿನ ಆ ಪಯಣ ಮೊದಲ ರಾಫ್ಟಿಂಗ್ ಆಗಬಾರದು. ನಮ್ಮ ದಕ್ಷಿಣ ಕೊಡಗಿನ ಬರಪೊಳೆ ಮಳೆಗಾಲಕ್ಕಷ್ಟೇ ಜೀವ ತಳೆಯುವ ಕಿರಿದಾದ, ಕಡಿದಾದ ಹೊಳೆ, ಅದೂ ಅನುಭವಸ್ಥರಿಗೇ.

ನನ್ನ ಸಲಹೆ ಹೀಗೆ: ಮೊದಲು ಕುಂಡಲಿಕಾ, ಆಮೇಲೆ ಕಾಳಿ, ಅದಾದ ಮೇಲೆ ಗಂಗೆ. ಪ್ರತಿ ನದಿಯಲ್ಲೂ ಗೈಡ್ ಏನು ನೋಡುತ್ತಿದ್ದಾನೆಂದು ಗಮನಿಸಿ, ಕೇಳಿ, ಕಲಿಯಿರಿ. ಹೃದ್ರೋಗ, ಮೂರ್ಛೆ, ಈಚಿನ ಶಸ್ತ್ರಚಿಕಿತ್ಸೆ, ಗರ್ಭಧಾರಣೆ ಇವನ್ನು ಮುಚ್ಚಿಡದೆ ಮೊದಲೇ ತಿಳಿಸಿ. ಈಜು ಬಾರದಿದ್ದರೂ ಹೇಳಿಬಿಡಿ, ಎಲ್ಲಿ ಕೂರಿಸಬೇಕೆಂದು ಅವರಿಗೆ ಗೊತ್ತು. ಇಷ್ಟೆಲ್ಲ ತಯಾರಾಗಿ, ನಸುಕಿನಲ್ಲೇ ಘಟ್ಟ ಇಳಿದು ಹೋದ ಮೇಲೂ ‘ಇವತ್ತು ನೀರು ಸರಿಯಿಲ್ಲ, ಬೇಡ’ ಎಂದು ಹಣ ಮರಳಿಸುವವರು ಸಿಕ್ಕರೆ ಬೇಸರಪಡಬೇಡಿ. ಅವರ ಹೆಸರು ಬರೆದಿಟ್ಟುಕೊಳ್ಳಿ, ಮುಂದಿನ ಸಲ ಅವರ ಜತೆಗೇ ಹೋಗಿ.