ಮೂರನೆಯ ಪಕ್ಷದ ಪ್ರವೇಶ ಮತ್ತು ಚುನಾವಣಾ ಫಲಿತಾಂಶ: ಕೆನಡಾದ 1993ರ ನಿದರ್ಶನ

1993ರ ಅಕ್ಟೋಬರ್ 25ರಂದು ನಡೆದ ಕೆನಡಾದ ಮಹಾಚುನಾವಣೆಯಲ್ಲಿ ಆಡಳಿತಾರೂಢ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷವು 295 ಸ್ಥಾನಗಳ ಕೆಳಮನೆಯಲ್ಲಿ ಕೇವಲ ಎರಡನ್ನು ಗಳಿಸಿತು. 1988ರಲ್ಲಿ ಅದು ಗೆದ್ದಿದ್ದ ಸ್ಥಾನಗಳು 169. ಪ್ರಧಾನಿ ಕಿಮ್ ಕ್ಯಾಂಬೆಲ್ ಅವರೂ ವ್ಯಾಂಕೂವರ್ ನಗರದ ತಮ್ಮ ಕ್ಷೇತ್ರದಲ್ಲಿ ಪರಾಭವಗೊಂಡರು. ಹೊಸದಾಗಿ ಬೆಳೆದ ರಿಫಾರ್ಮ್ ಪಕ್ಷವು ಬಲಪಂಥೀಯ ಮತಗಳನ್ನು ಒಡೆದುದೇ ಇದಕ್ಕೆ ಕಾರಣವೆಂಬ ವಿವರಣೆ ರೂಢಿಯಲ್ಲಿದೆ. ಅದು ಅರ್ಧಸತ್ಯವೆಂಬುದು ಪ್ರಾಂತವಾರು ಅಂಕಿಅಂಶಗಳನ್ನು ನೋಡಿದಾಗ ವಿದಿತವಾಗುತ್ತದೆ.

ಬ್ರಯನ್ ಮಲ್ರೋನಿಯವರು 1984 ಮತ್ತು 1988ರಲ್ಲಿ ಗಳಿಸಿದ ಬಹುಮತವು ಪರಸ್ಪರ ಹೊಂದದ ಎರಡು ಆಸರೆಗಳ ಮೇಲೆ ನಿಂತಿತ್ತು. ಒಂದು, ಪಶ್ಚಿಮ ಪ್ರಾಂತಗಳ ಸಂಪ್ರದಾಯವಾದಿ ಮತದಾರರು. ಇನ್ನೊಂದು, ಫ್ರೆಂಚ್ ಭಾಷಿಕ ಕ್ವಿಬೆಕ್‌ನ ರಾಷ್ಟ್ರೀಯತಾವಾದಿಗಳು. 1986ರಲ್ಲಿ ಸಿಎಫ್-18 ಯುದ್ಧವಿಮಾನಗಳ ನಿರ್ವಹಣಾ ಗುತ್ತಿಗೆಯು, ವಿನ್ನಿಪೆಗ್‌ನಿಂದ ಉತ್ತಮ ಪ್ರಸ್ತಾವ ಬಂದಿದ್ದರೂ, ಮಾಂಟ್ರಿಯಲ್‌ನ ಪಾಲಾಯಿತು. ಒಂದು ಗುತ್ತಿಗೆಯ ಕಾರಣದಿಂದ ಪಕ್ಷವೊಂದು ಹುಟ್ಟುವುದಿಲ್ಲ, ನಿಜ. ಆದರೆ ಪಶ್ಚಿಮದವರ ಬಹುಕಾಲದ ಅಸಮಾಧಾನಕ್ಕೆ ಅದು ಕಣ್ಣಿಗೆ ಕಾಣುವ ಸಾಕ್ಷಿಯನ್ನು ಒದಗಿಸಿತು. ಮರುವರ್ಷವೇ ಪ್ರೆಸ್ಟನ್ ಮ್ಯಾನಿಂಗ್ ಅವರ ನೇತೃತ್ವದಲ್ಲಿ ರಿಫಾರ್ಮ್ ಪಕ್ಷ ಸ್ಥಾಪನೆಗೊಂಡಿತು. ಅತ್ತ ಕ್ವಿಬೆಕ್‌ಗೆ ಸಂವಿಧಾನಾತ್ಮಕ ಮನ್ನಣೆ ನೀಡಬೇಕಿದ್ದ ಮೀಚ್ ಲೇಕ್ ಒಪ್ಪಂದ 1990ರಲ್ಲಿ ಮುರಿದುಬೀಳುತ್ತಿದ್ದಂತೆ, ಮಲ್ರೋನಿ ಸಂಪುಟವನ್ನು ತೊರೆದ ಲೂಸಿಯೆನ್ ಬುಶಾರ್ ಅವರ ಮುಂದಾಳುತನದಲ್ಲಿ ಬ್ಲಾಕ್ ಕೆಬೆಕ್ವಾ ಪಕ್ಷ ರೂಪುಗೊಂಡಿತು.

ಭಾರತದ ಲೋಕಸಭಾ ಚುನಾವಣೆಯಂತೆಯೇ ಕೆನಡಾದಲ್ಲಿಯೂ ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ. ಇಂಥ ಪದ್ಧತಿಯಲ್ಲಿ ಎಷ್ಟು ಮತ ಎಂಬುದರಷ್ಟೇ ಎಲ್ಲಿಯ ಮತ ಎಂಬುದೂ ಮುಖ್ಯ. ಲಿಬರಲ್ ಪಕ್ಷವು ಶೇ. 41ರಷ್ಟು ಮತಗಳಿಂದ 177 ಸ್ಥಾನಗಳನ್ನು ಪಡೆದು ಅಧಿಕಾರಕ್ಕೆ ಬಂದಿತು. ಕ್ವಿಬೆಕ್‌ನಲ್ಲಿ ಮಾತ್ರ ಸ್ಪರ್ಧಿಸಿದ ಬ್ಲಾಕ್ ಶೇ. 13.5ರಷ್ಟು ಮತಗಳಿಂದ 54 ಸ್ಥಾನಗಳನ್ನೂ, ರಿಫಾರ್ಮ್ ಶೇ. 18.7ರಷ್ಟು ಮತಗಳಿಂದ 52 ಸ್ಥಾನಗಳನ್ನೂ ಗಳಿಸಿದವು. ಶೇ. 16ರಷ್ಟು ಮತ ಪಡೆದ ಕನ್ಸರ್ವೇಟಿವ್ ಪಕ್ಷದ ಬೆಂಬಲ ದೇಶದುದ್ದಕ್ಕೂ ತೆಳುವಾಗಿ ಹರಡಿಹೋಗಿತ್ತು. ಬ್ಲಾಕ್‌ಗಿಂತ ಹೆಚ್ಚು ಮತ ಪಡೆದೂ ಅದು ನಾಮಾವಶೇಷವಾಯಿತು.

ಇನ್ನು ಮತವಿಭಜನೆಯ ವಾದ. ಆಲ್ಬರ್ಟಾದಲ್ಲಿ 1988ರಲ್ಲಿ 26ರಲ್ಲಿ 25 ಸ್ಥಾನಗಳು ಕನ್ಸರ್ವೇಟಿವ್ ಪಕ್ಷದವು. 1993ರಲ್ಲಿ ರಿಫಾರ್ಮ್ 22ನ್ನು ಗೆದ್ದಿತು, ಅದೂ ಪ್ರಾಂತದ ಅರ್ಧಕ್ಕಿಂತ ಹೆಚ್ಚು ಮತಗಳೊಡನೆ. ಇದನ್ನು ವಿಭಜನೆ ಎನ್ನಲಾಗದು. ಹಳೆಯ ಪಕ್ಷದ ಜಾಗವನ್ನು ಹೊಸದು ಆಕ್ರಮಿಸಿತು. ಒಂಟಾರಿಯೊದಲ್ಲಿ ರಿಫಾರ್ಮ್‌ಗೆ ಶೇ. 20ರಷ್ಟು ಮತ ಬಿದ್ದರೂ ದೊರೆತದ್ದು ಒಂದೇ ಸ್ಥಾನ. ಉಳಿದ 98 ಲಿಬರಲ್‌ಗೆ ಸಂದವು. ಆದರೆ ಅಲ್ಲಿ ಲಿಬರಲ್ ಪಕ್ಷದ ಮತಗಳಿಕೆಯೇ ಶೇ. 50ನ್ನು ಮೀರಿತ್ತು. ಎರಡು ಬಲಪಂಥೀಯ ಪಕ್ಷಗಳ ಮತಗಳನ್ನು ಕೂಡಿಸಿದರೂ ಅದನ್ನು ಮುಟ್ಟುವುದಿಲ್ಲ. ಕೆಲವು ಕ್ಷೇತ್ರಗಳು ಬದಲಾಗುತ್ತಿದ್ದವು, ಪ್ರಾಂತವಲ್ಲ. ಹಾಗೆ ಕೂಡಿಸುವುದಾದರೂ ಒಂದು ಊಹೆಯೇ: ರಿಫಾರ್ಮ್‌ನ ಮತದಾರರೆಲ್ಲ ಆ ಪಕ್ಷವಿಲ್ಲದಿದ್ದರೆ ಮಲ್ರೋನಿಯವರ ಪಕ್ಷಕ್ಕೇ ಮರಳುತ್ತಿದ್ದರೆಂದು ಹೇಳಲು ಆಧಾರವೇನು?

ವಿಭಜನೆಯ ವಾದ ಹೆಚ್ಚು ಹೊಂದುವುದು 1997ಕ್ಕೆ. ಆಗ ಒಂಟಾರಿಯೊದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮತ ಪಡೆದ ಲಿಬರಲ್ ಪಕ್ಷವು 103ರಲ್ಲಿ 101 ಸ್ಥಾನಗಳನ್ನು ಗೆದ್ದು, ಅದರ ಬಲದಿಂದಲೇ ರಾಷ್ಟ್ರಮಟ್ಟದ ಬಹುಮತವನ್ನು ಉಳಿಸಿಕೊಂಡಿತು.

1993ರ ಫಲಿತಾಂಶದ ಇನ್ನೊಂದು ಪರಿಣಾಮ ಇದಕ್ಕಿಂತ ಗಂಭೀರವಾದುದು. ಎರಡೇ ಸ್ಥಾನಗಳ ಅಂತರದಿಂದ ಅಧಿಕೃತ ವಿರೋಧಪಕ್ಷದ ಪೀಠವು, ಕೆನಡಾದಿಂದ ಬೇರ್ಪಡುವುದನ್ನೇ ಗುರಿಯಾಗಿಸಿಕೊಂಡಿದ್ದ ಬ್ಲಾಕ್‌ಗೆ ಒಲಿಯಿತು. 1995ರ ಅಕ್ಟೋಬರ್ 30ರ ಕ್ವಿಬೆಕ್ ಜನಮತಗಣನೆಯಲ್ಲಿ ಬುಶಾರ್ ಅವರೇ ಪ್ರತ್ಯೇಕತಾಪರ ಪ್ರಚಾರದ ಪ್ರಮುಖ ಧ್ವನಿಯಾದರು. ಪ್ರಸ್ತಾವವು ಸೋತದ್ದು ಶೇ. 50.58ರಷ್ಟು ವಿರೋಧ ಮತಗಳಿಂದ.

ರಿಫಾರ್ಮ್ ಪಕ್ಷವು 2000ದಲ್ಲಿ ಕೆನಡಿಯನ್ ಅಲಯನ್ಸ್ ಆಗಿ ಮಾರ್ಪಟ್ಟು, 2003ರ ಡಿಸೆಂಬರ್‌ನಲ್ಲಿ ತಾನೇ ಕುಸಿಯುವಂತೆ ಮಾಡಿದ್ದ ಹಳೆಯ ಪಕ್ಷದೊಡನೆ ವಿಲೀನಗೊಂಡಿತು. ಹೀಗೆ ರಚಿತವಾದ ಕನ್ಸರ್ವೇಟಿವ್ ಪಕ್ಷವು 2006ರಲ್ಲಿ ಸ್ಟೀಫನ್ ಹಾರ್ಪರ್ ಅವರ ನಾಯಕತ್ವದಲ್ಲಿ ಅಲ್ಪಮತದ ಸರ್ಕಾರವನ್ನು ರಚಿಸಿತು. 1993ರಲ್ಲಿ ಹಾರ್ಪರ್ ಅವರು ಸಂಸತ್ತನ್ನು ಮೊದಲ ಬಾರಿಗೆ ಪ್ರವೇಶಿಸಿದ್ದು ರಿಫಾರ್ಮ್ ಪಕ್ಷದ ಸದಸ್ಯರಾಗಿ, ಆಲ್ಬರ್ಟಾದ ಕ್ಯಾಲ್ಗರಿಯಿಂದ.