ಹೊಸ ಕಂಪನಿಗೆ ದುಡ್ಡು ಕೊಡೋರು ರಿಪೇರಿಯವನನ್ನೂ ಲೆಕ್ಕಕ್ಕೆ ಹಿಡಿಯಲಿ

ಹವಾಮಾನ ಕೆಡುತ್ತಿದೆ, ಅದನ್ನು ತಾಳಿಕೊಳ್ಳುವ ಯಂತ್ರ, ತಂತ್ರ ತಯಾರಿಸುವ ಹೊಸ ಕಂಪನಿಗಳಿಗೆ ಬಡದೇಶಗಳಲ್ಲಿ ಬೆಂಬಲ ಕೊಡಬೇಕು ಎಂಬ ಮಾತು ಈಗ ಎಲ್ಲೆಡೆ ನಡೆದಿದೆ. ಇಂಥ ಕಂಪನಿಗೆ ಸ್ಟಾರ್ಟಪ್ ಅಂತಾರೆ. 2024ರ ನವೆಂಬರ್‌ನಲ್ಲಿ ಬಾಕು ಎಂಬ ಊರಲ್ಲಿ ಸೇರಿದ ದೇಶಗಳು 2035ರ ಹೊತ್ತಿಗೆ ಬಡದೇಶಗಳಿಗೆ ಹವಾಮಾನದ ಕೆಲಸಕ್ಕಾಗಿ ವರ್ಷಕ್ಕೆ 30,000 ಕೋಟಿ ಡಾಲರ್ ಒದಗಿಸುವುದು ಎಂದು ಒಪ್ಪಿಕೊಂಡವು. ನಮ್ಮ ದೇಶದಲ್ಲೂ ದುಡ್ಡಿಗೆ ಬರವಿಲ್ಲ. ಕೇಂದ್ರ ಸರ್ಕಾರದ ರಫ್ತಾರ್ ಯೋಜನೆಯಲ್ಲಿ ಕೃಷಿಯ ಹೊಸ ಕಂಪನಿಗೆ 25 ಲಕ್ಷದವರೆಗೆ ಸಹಾಯಧನ ಇಟ್ಟರು. ಅದಕ್ಕೆ ಮಾರ್ಗದರ್ಶನ ಮಾಡುವ ಕೇಂದ್ರಗಳಲ್ಲಿ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಒಂದು. 2024ರ ಸೆಪ್ಟೆಂಬರ್‌ನಲ್ಲಿ ನಬಾರ್ಡ್ ಕಡೆಯಿಂದ 750 ಕೋಟಿಯ ಅಗ್ರಿಶ್ಯೂರ್ ನಿಧಿ ಬಂತು.

ಬರಲಿ, ಸಂತೋಷ. ಆದರೆ ಈ ದುಡ್ಡು ಜಗಳೂರಿನ ಮಳೆ ಆಧಾರದ ಹೊಲದ ತನಕ ಯಾವ ರೂಪದಲ್ಲಿ ಬಂದು ಮುಟ್ಟುತ್ತೆ ಅನ್ನೋದು ನಮ್ಮಂಥವರ ಪ್ರಶ್ನೆ. ನಮ್ಮದು ಮೆಕ್ಕೆಜೋಳ, ಶೇಂಗಾ, ರಾಗಿ, ಈರುಳ್ಳಿ ಬೆಳೆಯುವ ಸೀಮೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತ ಅಂತ ಸಾರಿದರು. ಬರದ ಮಾತು ನಮಗೆ ಹೊಸದಲ್ಲ, ಆದರೆ ಈಗಿನ ಮಳೆ ನಕ್ಷತ್ರದ ಮಾತು ಕೇಳುವುದನ್ನು ಬಿಟ್ಟಿದೆ. ಆರಿದ್ರಾ ಒಣಗಿ ಹೋಗುತ್ತೆ, ಕಟಾವಿಗೆ ಬಂದಾಗ ಸುರಿಯುತ್ತೆ. ಹಾಗಾಗಿ ಹೊಸ ತಂತ್ರ ನಮಗೆ ಬೇಡ ಅಂತ ನಾನು ಹೇಳೋದಿಲ್ಲ. ಬೇಕೇ ಬೇಕು.

ಕೆಲವು ವರ್ಷದ ಹಿಂದೆ ನಮ್ಮ ಕಡೆ ಒಂದು ಕಂಪನಿಯವರು ಹೊಲದ ತೇವ ಅಳೆಯುವ ಪೆಟ್ಟಿಗೆ ತಂದು ನಾಲ್ಕೈದು ಹೊಲದಲ್ಲಿ ನೆಟ್ಟರು. ಮೊಬೈಲಿಗೆ ಸುದ್ದಿ ಬರುತ್ತೆ, ನೀರು ಯಾವಾಗ ಕೊಡಬೇಕು ಅಂತ ಅದೇ ಹೇಳುತ್ತೆ ಅಂದರು. ಮೊದಲ ಬೆಳೆಗೆ ಚೆನ್ನಾಗೇ ನಡೀತು, ಸುಳ್ಳು ಹೇಳಬಾರದು. ಎರಡನೇ ವರ್ಷ ಒಂದು ಪೆಟ್ಟಿಗೆಯ ವೈರು ಇಲಿ ಕಡಿಯಿತು, ಇನ್ನೊಂದರ ಬ್ಯಾಟರಿ ಕೂತುಬಿಟ್ಟಿತು. ಫೋನ್ ಹಚ್ಚಿದರೆ ಆ ಹುಡುಗ, "ಯಜಮಾನ್ರೇ, ನಮ್ಮ ಪ್ರಾಜೆಕ್ಟು ಮುಗೀತು, ನಾನೀಗ ಬೇರೆ ಕಡೆ ಇದ್ದೀನಿ" ಅಂದ. ಅವನದೇನು ತಪ್ಪು, ಸಂಬಳ ಇರುವ ತನಕ ಬಂದ. ಇಪ್ಪತ್ತು ರೂಪಾಯಿ ವೈರು ಹಾಕೋರಿಲ್ಲದೆ ಸಾವಿರಾರು ರೂಪಾಯಿಯ ಪೆಟ್ಟಿಗೆ ಬದುವಿನ ಮೇಲೆ ಗುಬ್ಬಿ ಕೂರುವ ಕಂಬ ಆಯ್ತು.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಬೆಂಗಳೂರಿನಲ್ಲಿ ಹರೀಶ್ ಹಂದೆ ಅವರು ಅಮೆರಿಕದ ನೆವಿಲ್ ವಿಲಿಯಮ್ಸ್ ಅವರ ಜತೆ ಸೇರಿ ಸೆಲ್ಕೋ ಅಂತ ಸೋಲಾರ್ ದೀಪದ ಕಂಪನಿ ಶುರು ಮಾಡಿದರು. ಆಗ ಸ್ಟಾರ್ಟಪ್ ಅನ್ನುವ ಹೆಸರು ನಮ್ಮ ಹಳ್ಳಿಗಳ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಮೊದಮೊದಲು ಅಮೆರಿಕ ಸರ್ಕಾರದ ನೆರವಿನ ಹಣ ವಿನ್‌ರಾಕ್ ಎಂಬ ಸಂಸ್ಥೆಯ ಮೂಲಕ ಸಾಲವಾಗಿ ಸಿಕ್ಕಿತು. ಬಡವರು ಸೋಲಾರ್ ಕೊಳ್ಳಲಾರರು, ಕೊಂಡರೂ ಸಂಭಾಳಿಸಲಾರರು ಅಂತ ಎಲ್ಲರೂ ನಂಬಿದ್ದ ಕಾಲ ಅದು.

ಅವರು ಮಾಡಿದ ಜಾಣತನ ದೀಪದಲ್ಲಿ ಇರಲಿಲ್ಲ. ಪ್ಯಾನೆಲ್ಲು, ಬ್ಯಾಟರಿ ಎಲ್ಲರ ಹತ್ತಿರವೂ ಅದೇ. ಒಂದು, ಬ್ಯಾಂಕಿನವರ ಬಾಗಿಲು ತಟ್ಟಿದರು. ದೀಪ ದುಡಿಯೋದಿಲ್ಲ, ಅದಕ್ಕೆ ಸಾಲ ಹೇಗೆ ಕೊಡೋದು ಅಂತ ಬ್ಯಾಂಕುಗಳ ತಕರಾರು. ಎಮ್ಮೆಗಾದರೆ ಸಾಲ ಇದೆ, ದೀಪಕ್ಕೆ ಇಲ್ಲ. ಕಡೆಗೆ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಮುಂದೆ ಬಂದವು. (ಆ ಎರಡು ಹೆಸರೂ ಈಗ ಬೋರ್ಡಿನ ಮೇಲಿಲ್ಲ, ಬೇರೆ ಬ್ಯಾಂಕಿನಲ್ಲಿ ಕರಗಿವೆ.) ಕಂತನ್ನು ಮನೆಯ ಆದಾಯ ನೋಡಿ ಹಾಕಿಸಿದರು. ಬೆಳೆ ಮಾರಿದಾಗ ಕಾಸು ಬರೋನಿಗೆ ಬೆಳೆ ಮಾರಿದಾಗ, ದಿನಾ ವ್ಯಾಪಾರ ಮಾಡೋನಿಗೆ ದಿನದ ಲೆಕ್ಕ. ಬೀದಿಬದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಅಂದರೆ ಭಾರ, ದಿನಕ್ಕೆ 10 ರೂಪಾಯಿ ಅಂದರೆ ಕೊಡಬಲ್ಲ ಅನ್ನುವ ಮಾತನ್ನು ಹಂದೆಯವರು ಎಷ್ಟೋ ಕಡೆ ಹೇಳಿದ್ದಾರೆ. ಎರಡೂ ಒಂದೇ ಮೊತ್ತ, ಆದರೆ ಒಂದು ಜೇಬಿನಲ್ಲಿ ಇರುತ್ತೆ, ಒಂದು ಇರೋದಿಲ್ಲ. ಒಣಬೇಸಾಯದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದೇ ಮುಖ್ಯ. ಸೋಲಾರ್ ಹಾಕಿದ ಕಡೆಗೆಲ್ಲ ಹತ್ತಿರದಲ್ಲೇ ಸರ್ವಿಸ್ ಕೇಂದ್ರ ಮಾಡಿ, ಆ ಕಡೆಯ ಹುಡುಗರಿಗೇ ಕೆಲಸ ಕಲಿಸಿದರು. ಸೋಲಾರ್ ಪ್ಯಾನೆಲ್ಲು ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುತ್ತೆ. ಆದರೆ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಹೇಗೆ ನೋಡಿಕೊಂಡರೂ ಕೆಲವು ವರ್ಷಕ್ಕೆ ಬದಲಿಸಬೇಕು. ಇದನ್ನು ನೋಡೋನು ಬೈಕಿನಲ್ಲಿ ಬಂದು ಹೋಗುವಷ್ಟು ದೂರದಲ್ಲಿ ಇದ್ದರೆ ದೀಪ ಉರಿಯುತ್ತೆ. ದೀಪ ಉರಿದರೆ ಕಂತು ಬರುತ್ತೆ. ಕಂತು ಬಂದರೆ ಬ್ಯಾಂಕಿನವರು ಪಕ್ಕದ ಮನೆಗೂ ಸಾಲ ಕೊಡ್ತಾರೆ.

2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದವರು ಇದೇ ದಾರಿ ಹಿಡಿದು ಒಂದು ಯೋಜನೆ ಮಾಡಿದರು. ದುಡ್ಡನ್ನು ಕಂಪನಿಯ ಕೈಗೆ ಕೊಡಲಿಲ್ಲ. ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳ ಸೋಲಾರ್ ಸಾಲಕ್ಕೆ ಬಡ್ಡಿಯ ಒಂದು ಪಾಲು ತಾವು ಕಟ್ಟಿದರು. ಶೇ. 12ರ ಆಸುಪಾಸು ಇದ್ದ ಬಡ್ಡಿ ಮೊದಲು ಶೇ. 5ಕ್ಕೆ ಇಳೀತು, ಆಮೇಲೆ ಹಂತಹಂತವಾಗಿ ನೆರವು ಕಡಿಮೆ ಮಾಡಿ ನಿಲ್ಲಿಸಿದರು. ಯಾವ ಕಂಪನಿಯ ಸೆಟ್ಟು ಬೇಕು ಅಂತ ಆರಿಸೋದು ಕೊಳ್ಳುವವನಿಗೆ ಬಿಟ್ಟದ್ದು. ಕರ್ನಾಟಕ, ಕೇರಳದಲ್ಲಿ 16,000ಕ್ಕೂ ಹೆಚ್ಚು ಮನೆಗಳಿಗೆ ಹಾಗೆ ಬೆಳಕು ಬಂತು. ನನಗೆ ಈ ರೀತಿ ಮೆಚ್ಚುಗೆ. ದುಡ್ಡು ಕೊಳ್ಳುವವನ ಕಡೆಯಿಂದ ಹರಿದರೆ ಕಂಪನಿಯವನು ನಮ್ಮ ಅಂಗಳಕ್ಕೆ ಬರ್ತಾನೆ. ಮೇಲಿನಿಂದ ಹರಿದರೆ ಅವನು ಮೇಲೆ ನೋಡಿಕೊಂಡೇ ಇರ್ತಾನೆ.

ಹಾಗಂತ ಸೆಲ್ಕೋದವರ ದಾರಿ ಸಲೀಸಾಗಿ ಇರಲಿಲ್ಲ. 2004ರಲ್ಲಿ ಜರ್ಮನಿ ತನ್ನಲ್ಲಿ ಸೋಲಾರ್ ಕರೆಂಟು ಮಾಡುವವರಿಗೆ ಒಳ್ಳೇ ದರ ಕೊಟ್ಟಿತು. ಪ್ರಪಂಚದ ಪ್ಯಾನೆಲ್ಲೆಲ್ಲ ಅಲ್ಲಿಗೆ ಓಡಿತು, ಇಲ್ಲಿ ಬೆಲೆ ಏರಿತು, ಕಂಪನಿ ನಷ್ಟಕ್ಕೆ ಬಿತ್ತು. ಶ್ರೀಮಂತ ದೇಶ ಪರಿಸರಕ್ಕೆ ಒಳ್ಳೆಯದು ಮಾಡಲು ಹೊರಟರೆ ಇಲ್ಲಿ ಬಡವನ ದೀಪ ತುಟ್ಟಿ ಆಗೋದು ಅಂದರೆ ಹೀಗೆ. ಆಗ ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ ಸಂಸ್ಥೆ ಕೈ ಹಿಡಿಯಿತು, ಆಮೇಲೆ ಲಾಭಕ್ಕೆ ಅವಸರ ಮಾಡದ ಬೇರೆ ಹೂಡಿಕೆದಾರರು ಬಂದರು. ಮೂರು ವರ್ಷಕ್ಕೆ ದುಪ್ಪಟ್ಟು ಕೊಡು ಅನ್ನೋರ ದುಡ್ಡೇ ಆಗಿದ್ದರೆ ಆ ಹೊತ್ತಿಗೆ ಅಂಗಡಿ ಮುಚ್ಚಬೇಕಿತ್ತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಂಪನಿ ಶುರುವಾಗಿ ಅಷ್ಟು ಹೊತ್ತಿಗೆ ಹದಿನಾರು ವರ್ಷ. ತೆಂಗಿನ ಸಸಿ ನೆಟ್ಟು ಎರಡನೇ ವರ್ಷಕ್ಕೆ ಕಾಯಿ ಎಲ್ಲಿ ಅಂತ ಯಾರೂ ಕೇಳೋದಿಲ್ಲ, ಕಂಪನಿಗೆ ಮಾತ್ರ ಕೇಳ್ತಾರೆ.

ಹೊಗೆ ಕಡಿಮೆ ಮಾಡುವ ಒಲೆಯ ಕಥೆಯೂ ಇಂಥದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರದವರು ಮಾಡಿದ ಅಸ್ತ್ರ ಒಲೆ ನಮ್ಮ ಎಷ್ಟೋ ಮನೆಗಳಿಗೆ ಗೊತ್ತು. ಒಲೆಯ ಅಳತೆ ಒಂದಂಗುಲ ತಪ್ಪಿದರೂ ಹೊಗೆ ವಾಪಸು ಮನೆಗೇ. ಟೈಡ್ ಎಂಬ ಸಂಸ್ಥೆ ಹಳ್ಳಿಯ ಹೆಣ್ಣುಮಕ್ಕಳಿಗೇ ಒಲೆ ಕಟ್ಟುವ ಕೆಲಸ ಕಲಿಸಿತು. ಕಟ್ಟಿದವಳು ಅದೇ ಸೀಮೆಯಲ್ಲಿ ಇದ್ದರೆ ಒಲೆ ಕೆಟ್ಟಾಗ ಕರೆಯಬಹುದು.

ಈಗ ನಮ್ಮ ಹೊಲಕ್ಕೆ ಬರೋಣ. ಸೋಲಾರ್ ಪಂಪಿನ ಹೊಸ ಕಂಪನಿಗಳು ಬೇಕಾದಷ್ಟು ಇವೆ, ಕೇಂದ್ರದ ಕುಸುಮ್ ಯೋಜನೆಯೂ 2019ರಿಂದ ಇದೆ. ಆದರೆ ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿ ತನಕದ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಪುಕ್ಕಟೆ ಕರೆಂಟಿನ ಎದುರು ಸೋಲಾರ್ ಪಂಪಿನವನು ಯಾವ ಬಾಯಲ್ಲಿ ವ್ಯಾಪಾರ ಮಾಡಬೇಕು? ರಾತ್ರಿ ಪಾಳಿಯಲ್ಲಿ ಹಾವು ಹುಳದ ನಡುವೆ ನೀರು ಕಟ್ಟೋದು, ವೋಲ್ಟೇಜು ಇಳಿದು ಮೋಟರು ಸುಡೋದು, ಇದರ ಖರ್ಚನ್ನು ಯಾರೂ ಬರೆದಿಡೋದಿಲ್ಲ. ಅದನ್ನು ಲೆಕ್ಕ ಹಾಕಿ ತೋರಿಸಿದ ಕಂಪನಿಯನ್ನು ನಾನಿನ್ನೂ ನೋಡಬೇಕು. ಇನ್ನು ಬೋರಿನಲ್ಲೇ ನೀರಿಲ್ಲದ ಮೇಲೆ ಸೂರ್ಯನಾದರೂ ಏನು ಎತ್ತಾನು, ಅದು ಬೇರೆ ಮಾತು.

ನಮಗೆ ಅದಕ್ಕಿಂತ ಹತ್ತಿರದ್ದು ಈರುಳ್ಳಿ. ಬೆಲೆ ಬಿದ್ದಾಗ ಮಾರುಕಟ್ಟೆಗೆ ಹೊತ್ತು ಒಯ್ದ ಬಾಡಿಗೆಯೂ ಹುಟ್ಟದ ವರ್ಷಗಳನ್ನು ನಾವೆಲ್ಲ ನೋಡಿದ್ದೇವೆ. ಮಹಾರಾಷ್ಟ್ರದಲ್ಲಿ ಎಸ್4ಎಸ್ ಎಂಬ ಕಂಪನಿ ಬಿಸಿಲಿನಿಂದ ನಡೆಯುವ ಒಣಗಿಸುವ ಯಂತ್ರವನ್ನು ಹಳ್ಳಿಯ ಹೆಣ್ಣುಮಕ್ಕಳಿಗೆ ಒದಗಿಸಿ, ಅವರು ಒಣಗಿಸಿದ ಈರುಳ್ಳಿ, ತರಕಾರಿಯನ್ನು ತಾನೇ ಕೊಳ್ಳುತ್ತೆ. 2023ರಲ್ಲಿ ಅದಕ್ಕೆ ಅರ್ತ್‌ಶಾಟ್ ಬಹುಮಾನ ಸಿಕ್ಕಿತು. ಇಲ್ಲಿ ಗಮನಿಸಬೇಕಾದ್ದು ಕೊಳ್ಳುತ್ತೆ ಅನ್ನೋ ಮಾತು. ಬರೀ ಯಂತ್ರ ಕೊಟ್ಟಿದ್ದರೆ ಒಣಗಿದ ಈರುಳ್ಳಿಯನ್ನು ಚೀಲದಲ್ಲಿ ಕಟ್ಟಿಕೊಂಡು ಆ ಹೆಣ್ಣುಮಕ್ಕಳು ಯಾವ ಸಂತೆಗೆ ಹೋಗಬೇಕಿತ್ತು? ನಮ್ಮ ಜಗಳೂರು, ಚಳ್ಳಕೆರೆ ಕಡೆಯ ಬಿಸಿಲು ಮಹಾರಾಷ್ಟ್ರಕ್ಕಿಂತ ಕಡಿಮೆ ಏನಲ್ಲ. ಇಂಥದ್ದೊಂದನ್ನು ಇಲ್ಲಿ ಶುರು ಮಾಡುವ ನಮ್ಮದೇ ಹುಡುಗರಿಗೆ ಆ 25 ಲಕ್ಷದಲ್ಲಿ ಒಂದು ಪಾಲು ಸಿಕ್ಕರೆ ಅದು ಸಾರ್ಥಕ. ಅರ್ಜಿ ಇಂಗ್ಲಿಷಿನಲ್ಲಿ ಬರೆಯಬೇಕು, ಬೆಂಗಳೂರಿಗೆ ಹೋಗಿ ಪರದೆ ಮೇಲೆ ಚಿತ್ರ ತೋರಿಸಬೇಕು ಅಂದರೆ ನಮ್ಮ ಐಟಿಐ ಕಲಿತ ಹುಡುಗ ಬಾಗಿಲಲ್ಲೇ ನಿಲ್ಲುತ್ತಾನೆ.

ದುಡ್ಡು ಕೊಡುವ ಸಂಸ್ಥೆಗಳು ಕಂಪನಿಗಳನ್ನು ಎಷ್ಟು ರೈತರನ್ನು ಮುಟ್ಟಿದಿರಿ ಅಂತ ಕೇಳುತ್ತವಂತೆ. ಮುಟ್ಟೋದು ಸುಲಭ, ಒಂದು ಫೋಟೊ ಸಾಕು. ಹಾಕಿದ ಯಂತ್ರಗಳಲ್ಲಿ ಐದನೇ ವರ್ಷ ಎಷ್ಟು ನಡೀತಿವೆ ಅಂತ ಕೇಳಲಿ. ಕೊಡುವ ಹಣದಲ್ಲಿ ಒಂದು ಭಾಗವನ್ನು ತಾಲೂಕಿಗೆ ಒಬ್ಬ ರಿಪೇರಿಯವನ ಸಂಬಳಕ್ಕೆ, ಬಿಡಿಭಾಗದ ದಾಸ್ತಾನಿಗೆ ಅಂತಲೇ ಕಟ್ಟಿಡಲಿ.

ಕಂಪನಿಯವರು ನಿಮ್ಮ ಊರಿಗೆ ಬಂದಾಗ ಕೂರಿಸಿ, ಟೀ ಕೊಟ್ಟು, ಇಷ್ಟು ಕೇಳಿ. ಕೆಟ್ಟರೆ ಯಾರು ಬರ್ತಾರೆ, ಅವನ ಮನೆ ಎಲ್ಲಿ. ಬಿಡಿಭಾಗ ದಾವಣಗೆರೆಯಲ್ಲಿ ಸಿಗುತ್ತೋ ಅಥವಾ ನಿಮ್ಮಿಂದಲೇ ತರಬೇಕೋ. ನಿಮ್ಮ ಕಂಪನಿ ಮುಚ್ಚಿದರೆ ಈ ಯಂತ್ರ ಬೇರೆಯವರು ರಿಪೇರಿ ಮಾಡಲು ಬರುತ್ತೋ. ಬ್ಯಾಂಕಿನ ಸಾಲ ಇದೆಯೋ, ಕಂತು ಬೆಳೆ ಬಂದಾಗಲೋ ತಿಂಗಳಿಗೋ. ಈಗೀಗ ಮಣ್ಣಿನಲ್ಲಿ ಇಂಗಾಲ ಕೂಡಿಸಿದರೆ ದುಡ್ಡು ಕೊಡ್ತೀವಿ ಅಂತ ಹೇಳುವ ಕಂಪನಿಗಳೂ ಬರ್ತಿವೆ. ಅವರ ಕಾಗದ ಇಂಗ್ಲಿಷಿನಲ್ಲಿದ್ದರೆ ಸಹಿ ಹಾಕುವ ಮೊದಲು ಕನ್ನಡದ ಪ್ರತಿ ಕೇಳಿ ಇಸಕೊಳ್ಳಿ, ಎಷ್ಟು ವರ್ಷಕ್ಕೆ ಹೊಲವನ್ನು ಕಟ್ಟಿಹಾಕ್ತಾರೆ ಅನ್ನೋದನ್ನು ಕಾಲೇಜು ಓದುವ ಮಕ್ಕಳ ಕೈಲಿ ಓದಿಸಿ.